ಇಪ್ಪತ್ತೇಳನೇ ಎಂಜಿನ್ನಿನ ಬಫರ್

ಕರಡಿಗುಡ್ಡದ ಅದಿರು ಯಾರ್ಡಿನ ಕಾಲೊನಿಯಲ್ಲಿ ದಣಿಯುವವಳು ನೀಲಗಂಗವ್ವ ಒಬ್ಬಳೇ ಎಂದರೆ ದೊಡ್ಡ ಮಾತಾಗಲಿಕ್ಕಿಲ್ಲ. ಉಳಿದವರಿಗೆ ದಣಿವೆಂಬುದು ಸಂತೆಯ ಹಾಗೆ, ದಿನ ಗೊತ್ತುಮಾಡಿಕೊಂಡು ಬಂದು ಹೋಗುವ ಸಂಗತಿ. ಅವಳಿಗೆ ಮಾತ್ರ ಹಳೇ ಕಾಲದವರ ಹಾಗೆ ದಿನಾ ಬರುತ್ತಿತ್ತು. ಮೊಣಕಾಲಿನಲ್ಲಿ ಶುರುವಾಗಿ, ಸೊಂಟಕ್ಕೇರಿ, ಸಂಜೆಯ ಹೊತ್ತಿಗೆ ಕಣ್ಣುರೆಪ್ಪೆಯ ಮೇಲೆ ಬಂದು ಕೂಡುತ್ತಿತ್ತು. ಒಂದು ನಿದ್ದೆ ತೆಗೆದರೂ ಪೂರ್ತಿ ಹೋಗುತ್ತಿರಲಿಲ್ಲ, ಸ್ವಲ್ಪ ಉಳಿದೇ ಇರುತ್ತಿತ್ತು.

ಅವತ್ತು ಬೆಳಿಗ್ಗೆ ಆರಕ್ಕೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಗಂಡ ಗೂಳಪ್ಪ ಹದಿನಾರು ತಾಸಿನ ಡ್ಯೂಟಿ ಮುಗಿಸಿಕೊಂಡು, ಜಳಕ ಮಾಡಿ ಮದುವೆಗೆ ಹೊರಟವನ ಹಾಗೆ ಒಳಗೆ ಬಂದ. ಐವತ್ತೆಂಟು ವರ್ಷದ ಮನುಷ್ಯ, ಅದಿರು ಗಾಡಿಯ ಡ್ರೈವರ್. ಬಂದವನು ಕೂಡಲಿಲ್ಲ. ಕೊಡ ತುಂಬಿದ. ಅಂಗಳ ಗುಡಿಸಿದ. ಕಿಟಕಿಯ ತಿರುಪು ಸಡಿಲವಾಗಿದೆಯೆಂದು ಬಿಗಿ ಮಾಡಿದ. ಬಿಗಿಯಾಗಿದ್ದ ಇನ್ನೊಂದನ್ನು ಸಡಿಲು ಮಾಡಿ ಮತ್ತೆ ಬಿಗಿ ಮಾಡಿದ.

"ಏನ್ ಮಾರಿ ಅದು ನೀಲಾ, ಬಾಡಿದ ಬದನಿಕಾಯಿ ಆಗೇತಿ" ಅಂದ.

"ನಿಮ್ಮ ಕಂಪನಿ ನನಗ ಡಬ್ಬಿ ಕೊಟ್ಟಿಲ್ಲಲ್ರಿ. ಮನಷ್ಯಾಳು ಅದೀನಿ, ದಣೀತೀನಿ."

"ಮತ್ತ ನಾನು?"

"ನೀವ ಗಡಿಯಾರ. ಸುಮ್ನ ಒಂದ್ ಕಡೆ ಕೂಡ್ರಿ, ನಿಮ್ಮನ್ ನೋಡೇ ನನಗ ಸುಸ್ತಾಗ್ತೈತಿ."

ಗೂಳಪ್ಪ ನಕ್ಕು ಸೊಂಟದ ಡಬ್ಬಿಯ ಮೇಲೆ ಬೆರಳಿನಿಂದ ತಾಳ ಹಾಕಿದ. ಬೆಂಕಿಪೊಟ್ಟಣ ಎರಡು ಜೋಡಿಸಿದಷ್ಟು ದೊಡ್ಡದು. ಮೇಲೊಂದು ಹಸಿರು ದೀಪ.

ಆ ಡಬ್ಬಿ ಬಂದು ಆರು ವರ್ಷವಾಗಿತ್ತು. ಅದರೊಳಗೆ ಒಂದು ಅಂಟಂಟು ದ್ರಾವಣ, ಅದರಿಂದ ಚರ್ಮದ ಕೆಳಗೆ ಹೋಗುವ ಕೂದಲಿನಂಥ ನಳಿಕೆ. ದುಡಿದ ಮೈಯಲ್ಲಿ, ಎಚ್ಚರವಿದ್ದ ಮಿದುಳಿನಲ್ಲಿ ಏನೇನು ಹುಳಿ, ಏನೇನು ಕಸ ಹುಟ್ಟಿ ನಮ್ಮನ್ನು 'ಸಾಕಪ್ಪಾ' ಅನ್ನಿಸುತ್ತದೋ ಅದನ್ನೆಲ್ಲ ದ್ರಾವಣ ಎಳೆದು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ರಕ್ತ ಹೊಸದಾಗಿ ಎದ್ದವನ ರಕ್ತದಂತೆ ಇರುತ್ತದೆ. ದಿನಕ್ಕೆ ಎರಡು ತಾಸು ಮಲಗಿದರೆ ಸಾಕು. ಹಾಗಾದರೆ ಹಿಡಿದದ್ದನ್ನು ಚೆಲ್ಲಿಬಿಟ್ಟರಾಯಿತಲ್ಲ? ಮೊದಮೊದಲು ಚೆಲ್ಲಿಯೂ ನೋಡಿದರು. ದಣಿವನ್ನು ಚೆಲ್ಲಿದವರಿಗೆ ಆಮೇಲೆ ನಿದ್ದೆಯೇ ಬರಲಿಲ್ಲ. ಗಾಯ ಮಾಯಲಿಲ್ಲ, ಓದಿದ್ದು ತಲೆಯಲ್ಲಿ ನಿಲ್ಲಲಿಲ್ಲ. ದಣಿವಿಗೂ ಮೈಯಲ್ಲಿ ಏನೋ ಕೆಲಸವಿದೆ ಅಂತ ಆಗ ಗೊತ್ತಾಯಿತು. ಹಾಗಾಗಿ ಅದನ್ನು ತಿರುಗಿ ಮೈಗೆ ಹನಿಹನಿಯಾಗಿ ಬಿಡಬೇಕು. ಅದಕ್ಕೆ 'ಇಳಿಸೋದು' ಅನ್ನುತ್ತಿದ್ದರು. ಯಾರ್ಡಿನ ಪಕ್ಕದ ಹಾಲ್‌ನಲ್ಲಿ ಇಪ್ಪತ್ತು ಕುರ್ಚಿ ಸಾಲಾಗಿದ್ದವು. ಪಾಳಿ ಬಂದವರು ಕೂತು ನಾಲ್ಕು ತಾಸು ನರಳಿ, ಮನೆಗೆ ಹೋಗಿ ಒಂದು ದಿನ ಪೂರ್ತಿ ಕಂಬಳಿ ಹೊದ್ದು ಬೀಳುತ್ತಿದ್ದರು. ಅಂಥ ದಿನ ಆ ಮನೆಯಲ್ಲಿ ಕುಕ್ಕರ್ ಕೂಗಿಸುತ್ತಿರಲಿಲ್ಲ. ನೆರೆಯವರೇ ಒಂದು ಡಬ್ಬಿ ಸಾರು ತಂದು ಹೊಸ್ತಿಲಲ್ಲಿಟ್ಟು ಸದ್ದಿಲ್ಲದೆ ಹೋಗುತ್ತಿದ್ದರು. ಕಾಲೊನಿಯ ಮಕ್ಕಳೂ ಕಲಿತಿದ್ದವು: "ಇವತ್ತು ಅವರಪ್ಪಂದು ಇಳಿಸಿದ ದಿನ, ಅಲ್ಲಿ ಚೆಂಡು ಆಡಬ್ಯಾಡ್ರಲೇ."

ಎಂಟು ದಿನಕ್ಕೊಮ್ಮೆ ಇಳಿಸಬೇಕೆಂಬ ನಿಯಮ ಹದಿನೈದು ದಿನಕ್ಕೆ ಹೋಯಿತು. ಯಾಕೆಂದರೆ ಎಂಟನೆಯ ದಿನವೂ ದೀಪ ಹಸಿರೇ ಇರುತ್ತಿತ್ತು. ಹದಿನೈದನೆಯ ದಿನವೂ ಹಸಿರೇ. ಡ್ರೈವರ್ ದಣಿಯುವುದಿಲ್ಲ ಅಂದಮೇಲೆ ಜೊತೆಗೊಬ್ಬ ಸಹಾಯಕ ಯಾಕೆಂದು ಅವನನ್ನೂ ತೆಗೆದರು. ಡಬ್ಬಿಯ ದ್ರಾವಣ ಕಲಸುವವಳು ನೀಲಗಂಗವ್ವ, ಅವಳು ತನಗೊಂದು ಡಬ್ಬಿ ಕೇಳಿದಾಗ ಸಾಹೇಬರು, "ನಿಂದು ಕೂತು ಮಾಡೋ ಕೆಲಸ, ದಣಿವೇನಮ್ಮಾ?" ಅಂದಿದ್ದರು. ಅವಳ ಲ್ಯಾಬಿನಲ್ಲಿ ಕೂಡಲು ಸ್ಟೂಲ್ ಸಹ ಇರಲಿಲ್ಲ.

ಕಂಪನಿ ಡಬ್ಬಿಗೆ 'ಸಮಸ್ಥಿತಿ ಸಾಧನ' ಅಂತ ಹೆಸರಿಟ್ಟಿತ್ತು. ಜನ ಬಫರ್ ಅಂದರು. ಆ ಶಬ್ದ ಕರಡಿಗುಡ್ಡಕ್ಕೆ ಹೊಸದೇನಲ್ಲ. ರೇಷನ್ ಅಂಗಡಿಯವನಿಗೆ ಬಫರ್ ಅಂದರೆ ಗೋದಾಮಿನಲ್ಲಿ ಮುಟ್ಟದೆ ಇಟ್ಟ ಅಕ್ಕಿ. ಹುಡುಗರಿಗೆ ಫೋನಿನಲ್ಲಿ ಸಿನಿಮಾ ನಿಂತು ಗಿರಗಿರ ತಿರುಗುವ ಚಕ್ರ. ಗಾಡಿಯವರಿಗೆ ವ್ಯಾಗನ್ನಿನ ಮುಂದಿನ ಕಬ್ಬಿಣದ ತಟ್ಟೆ, ಅದರ ಹಿಂದಿನ ಸ್ಪ್ರಿಂಗು; ಅಷ್ಟೇ ಅಲ್ಲ, ಹಳಿ ಮುಗಿಯುವ ಕಡೆ ಅಡ್ಡ ನಿಲ್ಲಿಸಿದ ತಡೆಗಟ್ಟೆಯೂ ಬಫರೇ, ಆ ತಡೆ ಇರುವ ಆರನೇ ಲೈನಿಗೂ ಬಾಯಿಮಾತಿನಲ್ಲಿ ಬಫರ್ ಎಂದೇ ಹೆಸರು. ಒಂದೇ ಶಬ್ದ ಮನೆಮನೆಗೂ ಬೇರೆ ಅರ್ಥ ಇಟ್ಟುಕೊಂಡು ಸುಖವಾಗಿತ್ತು.

"ಹೋದ ಪಾಳಿಗೆ ಇಳಿಸಿದ್ರೇನು?" ನೀಲಗಂಗವ್ವ ರೊಟ್ಟಿ ತಿರುವಿಹಾಕುತ್ತಾ ಕೇಳಿದಳು.

"ಹೂಂ."

"ಮನೀಗೆ ಬಂದು ಮಲಗಿದ್ದು ನೋಡ್ಲಿಲ್ಲಲ್ಲ ನಾ."

"ಹಾಲ್‌ನಾಗ ಮಲಗಿದ್ದೆ. ಹಸಿರೈತಿ ನೋಡು, ಯಾಕ ಕೇಳ್ತಿ?" ಅಂದವನು ಮತ್ತೆ ಕಿಟಕಿಯ ಕಡೆ ಹೋದ.

ಅವಳು ಮುಂದೆ ಕೇಳಲಿಲ್ಲ. ಒಂದೂವರೆ ತಿಂಗಳ ಹಿಂದೆ ಇಳಿಸುವ ಕುರ್ಚಿಯಲ್ಲಿ ಗೂಳಪ್ಪ ಇಪ್ಪತ್ತು ಜನರ ಎದುರಿಗೆ ಗೋಳೋ ಎಂದು ಅತ್ತುಬಿಟ್ಟಿದ್ದ. ಹತ್ತು ವರ್ಷದ ಹಿಂದೆ ತೀರಿಕೊಂಡ ತಾಯಿಯನ್ನು ಕರೆದು ಕಾಲು ಒತ್ತು ಅಂದಿದ್ದ. ಮರುದಿನದಿಂದ ಹುಡುಗ ಡ್ರೈವರುಗಳು ವೈರ್‌ಲೆಸ್ಸಿನಲ್ಲಿ, "ಯವ್ವಾ, ಕಾಲ್ ಒತ್ತ್ ಬಾರಬೇ" ಅಂತ ಹೆಣ್ಣು ದನಿಯಲ್ಲಿ ಕೂಗುತ್ತಿದ್ದರು. ಮೂವತ್ತು ವರ್ಷ ಗಾಡಿ ಓಡಿಸಿ ಒಂದು ದಿನವೂ ತಪ್ಪು ಹಾರ್ನ್ ಹೊಡೆಯದ ಮನುಷ್ಯ. ಮನೆಯಲ್ಲಿ ಈ ಮಾತು ಇಬ್ಬರೂ ಎತ್ತಿರಲಿಲ್ಲ.

ಎಂಟಕ್ಕೆ ಅವನಿಗೆ ಮತ್ತೆ ಡ್ಯೂಟಿ.

ನೀಲಗಂಗವ್ವನ ಲ್ಯಾಬಿಗೆ ಒಂದು ಕಿಟಕಿ. ಡ್ಯೂಟಿಗೆ ಹೋಗುವವರು ಅಲ್ಲಿ ನಿಂತು ಡಬ್ಬಿ ಮುಂದೆ ಮಾಡಬೇಕು. ಅವಳು ಸಿರಿಂಜಿನಿಂದ ಸ್ವಲ್ಪ ದ್ರಾವಣ ಎಳೆದು ಮೀಟರಿಗೆ ಹಾಕಿ ನೋಡಬೇಕು. ಏಳು ಪಾಯಿಂಟ್ ನಾಲ್ಕು ಬಂದರೆ ಹಸಿರು, ಹೋಗಬಹುದು. ಪುಸ್ತಕದಲ್ಲಿ ಹೆಸರು ಬರೆಯಬೇಕು. ಎಲ್ಲರ ಹೆಸರು ಬರೆಯುತ್ತಿದ್ದಳು. ಗಂಡನದೊಂದು ಬಿಟ್ಟು. ಅವಳು ಹುಟ್ಟಿದ ಮನೆಯಲ್ಲಿ ಗಂಡನ ಹೆಸರು ಬಾಯಲ್ಲಿ ಹೇಳುವವರೂ ಇರಲಿಲ್ಲ, ಕೈಯಲ್ಲಿ ಬರೆಯುವವರೂ ಇರಲಿಲ್ಲ. ಅಲ್ಲಿ 'ಎಂಜಿನ್ 27' ಅಂತ ಬರೆದು ಮುಗಿಸುತ್ತಿದ್ದಳು. ಕಾಲ ಎಲ್ಲಿಗೆ ಬಂದಿತ್ತು ಅವಳಿಗೂ ಗೊತ್ತಿತ್ತು. ಆದರೂ ಪೆನ್ನು ಅಲ್ಲಿಗೆ ಬಂದಾಗ ಕೈ ತಾನಾಗಿ ತಿರುಗುತ್ತಿತ್ತು.

"ಹೋಗಿ ಬರ್ತೀನ್ರಿ ಮೇಡಮ್ಮಾರ" ಅಂದ ಗೂಳಪ್ಪ, ಕಿಟಕಿಯಲ್ಲಿ ಎಲ್ಲರೆದುರು ಮಾಡುವ ತಮಾಷೆ. ಏಳು ಪಾಯಿಂಟ್ ನಾಲ್ಕು. ಹಸಿರು.

ಅವನ ಹಿಂದೆ ನಿಂತಿದ್ದವನು ಯಮನೂರ, ತರುಣ ಡ್ರೈವರ್, ಹೋದ ವರ್ಷ ಮದುವೆಯಾದವನು. ಗೂಳಪ್ಪ ದೂರ ಹೋದಮೇಲೆ ಅವನು ಕಿಟಕಿಗೆ ಬಗ್ಗಿ ಹೇಳಿದ: "ಅಕ್ಕಾರ, ನಿಮ್ ಯಜಮಾನ್ರು ದೇವರಂಥಾ ಮನಷ್ಯಾ ನೋಡ್ರಿ. ನನ್ ಹೇಣ್ತಿ ಬಾಣಂತಿ, ಮರುದಿನ ಮನ್ಯಾಗರ ಇರಲಿ ಅಂತ ಹೇಳಿ ತಮ್ಮ ಇಳಿಸೋ ಪಾಳಿ ನನಗ ಬಿಟ್ಟಕೊಟ್ಟಾರು. ಒಂದಲ್ಲ, ಮೂರ ಪಾಳಿ!"

"ಮೂರು?"

"ಹೂಂರಿ. 'ನನಗ ಬ್ಯಾಡೋ ತಮ್ಮಾ, ನಾ ಹಸಿರದೀನಿ' ಅಂತಾರ. ಆ ವಯಸ್ಸಿಗೆ ಏನ್ ಗಟ್ಟಿ ಅದಾರ್ರಿ ಅವರು!"

ಯಮನೂರ ಹೋದ. ನೀಲಗಂಗವ್ವ ಸಿರಿಂಜು ಹಿಡಿದುಕೊಂಡೇ ನಿಂತಳು. ಮೂರು ಪಾಳಿ. ಅಂದರೆ ಆ ಅತ್ತ ದಿನದಿಂದ ಈಚೆಗೆ ಅವನು ಒಂದು ಸಲವೂ ಇಳಿಸಿಲ್ಲ.

ಅವಳು ಓದಿದ್ದು ಏಳನೇ ಇಯತ್ತೆ. ಆದರೆ ಈ ಕೆಲಸಕ್ಕೆ ಬರುವ ಮೊದಲು ಇಪ್ಪತ್ತು ವರ್ಷ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದವಳು. ತೊಳೆಯುವವಳ ಕಿವಿ ಮುಚ್ಚಿರುವುದಿಲ್ಲವಲ್ಲ! ಮೇಷ್ಟ್ರು ಪ್ರತಿ ವರ್ಷ ಅದೇ ಪಾಠ ಮಾಡುತ್ತಿದ್ದರು: ಬಫರ್ ದ್ರಾವಣಕ್ಕೆ ಆಮ್ಲ ಹಾಕಿ, ಅದು ಹುಳಿಯಾಗುವುದಿಲ್ಲ. ಮತ್ತೆ ಹಾಕಿ, ಆಗುವುದಿಲ್ಲ. ಮೀಟರ್ ಇದ್ದಲ್ಲೇ ಇರುತ್ತದೆ. ಹುಡುಗರು ಮೇಲಿನ ಗಾಜಿನ ಕೊಳವೆಯ ತಿರುಪು ಹಿಡಿದು ಹನಿ ಎಣಿಸುತ್ತಾ ಆಕಳಿಸುತ್ತಾ ನಿಲ್ಲುತ್ತಿದ್ದರು. ಬಣ್ಣ ಬದಲಾಗದು, ಬದಲಾಗದು. ಆಮೇಲೆ ಯಾವುದೋ ಒಂದು ಹನಿಗೆ, ನೋಡನೋಡುತ್ತಿದ್ದಂತೆ ಇಡೀ ಸೀಸೆಯ ಬಣ್ಣ ತಿರುಗಿಬಿಡುತ್ತಿತ್ತು. "ಛೇ, ಹೋಯ್ತಲೇ!" ಅಂತ ಹುಡುಗರು ಕೂಗುತ್ತಿದ್ದರು. ಮೀಟರ್ ಸುಳ್ಳು ಹೇಳಿರುತ್ತಿರಲಿಲ್ಲ. ಇನ್ನೆಷ್ಟು ತಡೆದೀತು ಅನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ. ಯಾರೂ ಅದನ್ನು ಕೇಳಿರುವುದೂ ಇಲ್ಲ.

ಕಿಟಕಿಯ ಸಾಲು ಮುಗಿಯುವ ಹೊತ್ತಿಗೆ ಹತ್ತು ದಾಟಿತ್ತು. ಅವಳು ಗಂಡನ ಡಬ್ಬಿಯಿಂದ ತೆಗೆದು ಬೇರೆ ಇಟ್ಟಿದ್ದ ದ್ರಾವಣವನ್ನು ಸಣ್ಣ ಸೀಸೆಗೆ ಸುರಿದಳು. ಬಣ್ಣದ ಸೂಚಕ ಹಾಕಿದಳು. ನೀಲಿ ಬೆರೆತ ಹಸಿರಾಯಿತು. ಹೊಸ ದ್ರಾವಣ ಹಳದಿಗೆ ತಿರುಗಲು ನಲವತ್ತು ಹನಿ ಆಮ್ಲ ಬೇಕು. ಹದಿನೈದು ದಿನ ದುಡಿದ ಡಬ್ಬಿಯದಕ್ಕೆ ಇಪ್ಪತ್ತಾರೋ ಇಪ್ಪತ್ತೇಳೋ. ಇದೆಲ್ಲ ಅವಳು ತನ್ನಷ್ಟಕ್ಕೆ ನೋಡಿಟ್ಟುಕೊಂಡದ್ದು, ಯಾವ ನಿಯಮದಲ್ಲೂ ಇರಲಿಲ್ಲ.

ಒಂದು ಹನಿ ಬಿಟ್ಟಳು. ಬಣ್ಣ ಅಲುಗಿದಂತಾಯಿತು.

ಎರಡನೆಯ ಹನಿಗೆ ಸೀಸೆ ಹಳದಿಯಾಯಿತು.

ಬಫರ್ ಒಡೆದರೆ ಹೊಸ ದಣಿವು ನಿಲ್ಲದೆ ನೇರ ಮೈಗೇರುತ್ತದೆ. ಹಿಡಿದಿಟ್ಟದ್ದೂ ಅದರ ಬೆನ್ನಿಗೇ ಬರುತ್ತದೆ. ಒಂದೂವರೆ ತಿಂಗಳ ದಣಿವು, ಒಂದೇ ಗಳಿಗೆಯಲ್ಲಿ. ಅವನು ಈಗ ಗುಡ್ಡದ ಮೇಲೆ, ಐವತ್ತೆಂಟು ವ್ಯಾಗನ್ ಅದಿರು ಕಟ್ಟಿಕೊಂಡು, ಒಬ್ಬನೇ. ಗಣಿಯಿಂದ ಮಟ್ಟಸ ಬಯಲು, ಬಯಲಿನ ತುದಿಯಿಂದ ಏಳು ಕಿಲೋಮೀಟರ್ ಇಳಿಜಾರು. ಆ ಭಾರವನ್ನು ಬ್ರೇಕಿನಲ್ಲಿ ಹಿಡಿಹಿಡಿದು ಇಳಿಸುವ ಹೊತ್ತು ಎಷ್ಟು ಹನಿ ಕುಡಿಯುತ್ತದೋ ಯಾರಿಗೆ ಗೊತ್ತು!

ಕಂಟ್ರೋಲ್ ರೂಮಿಗೆ ಫೋನ್ ಮಾಡುವ ಹಾಗಿರಲಿಲ್ಲ. ಎಲ್ಲವೂ ಪರದೆಯ ಮೇಲೆ, ಒಂದೇ ಸಾಲಿನಲ್ಲಿ ಬರೆದು ಕಳಿಸಬೇಕು. ಅವಳು ಎರಡು ಬೆರಳಿನಲ್ಲಿ ಕುಟ್ಟಿದಳು. ಹೆಸರಿನ ಜಾಗಕ್ಕೆ ಬಂದಾಗ ಎಂದಿನಂತೆ ಕೈ ತಿರುಗಿತು.

'ಎಂಜಿನ್ 27ರ ಬಫರ್ ತುಂಬಿದೆ. ಕೂಡಲೇ ಖಾಲಿ ಮಾಡಿಸಿರಿ.'

ಒಂದು ನಿಮಿಷದಲ್ಲಿ ಉತ್ತರ ಬಂತು: 'ಖಾಲಿ ಮಾಡಲಾಗಿದೆ. 27ಕ್ಕೆ ತಿಳಿಸಲಾಗಿದೆ. ಧನ್ಯವಾದ.'

ಅಬ್ಬಾ ಎಂದು ಅವಳು ಗೋಡೆಗೆ ಒರಗಿದಳು. ಯಾರೋ ನೋಡಿಕೊಂಡರು, ಸಾಕು. ಸೀಸೆ ತೊಳೆದಳು. ಎರಡನೆಯ ಸೀಸೆ ತೊಳೆಯುವಾಗ ಕೈ ನಿಂತಿತು. ಇಳಿಸಲು ನಾಲ್ಕು ತಾಸು ಬೇಕು. ಒಂದು ನಿಮಿಷದಲ್ಲಿ ಏನನ್ನು ಖಾಲಿ ಮಾಡಿದರು ಇವರು?

ಕಂಟ್ರೋಲ್ ರೂಮು ಹಳಿಗಳ ಆಚೆ, ಎರಡು ಫರ್ಲಾಂಗು. ಅವಳು ಓಡಿದಳು ಅನ್ನುವುದಕ್ಕಿಂತ ಬೀಳದೆ ಮುಂದೆ ಹೋದಳು ಅನ್ನಬೇಕು.

ಒಳಗೆ ಯೋಗಾನಂದ ಒಬ್ಬನೇ ಇದ್ದ. ನಾಗಮಂಗಲದ ಕಡೆಯ ಹುಡುಗ, ಕಂಪ್ಯೂಟರ್ ಓದಿದವನು, ಸಭ್ಯ. ಎಂಟು ಪರದೆ ಮುಂದಿಟ್ಟುಕೊಂಡು ಚಿತ್ರಾನ್ನ ತಿನ್ನುತ್ತಿದ್ದ.

"ಬನ್ನಿ ನೀಲಗಂಗಕ್ಕ, ಯಾಕಿಂಗೆ ಏದುಸ್ರು? ಮಾಡಾಯ್ತಲ್ಲ ನಿಮ್ಮ ಕೆಲ್ಸ."

"ಏನ್ ಮಾಡಿದ್ರಿ ತಮ್ಮಾ? ಏನ್ ಖಾಲಿ ಮಾಡಿದ್ರಿ?"

"ಬಫರ್ ಕಣಕ್ಕ. ಇಪ್ಪತ್ತೇಳನೇ ಎಂಜಿನ್‌ದು. ಎಂಜಿನ್ನಿಂದ ಬರೋ ಮಾಹಿತಿ ಎಲ್ಲಾ ಒಂದ್ ಕಡೆ ಸೇರ್ಕೊಂಡಿರ್ತದಲ್ಲ, ಅದು ತುಂಬ್ಕೊಂಡ್ರೆ ಸಿಸ್ಟಮ್ ನಿಧಾನ ಆಗ್ತದೆ. ಒಂದು ಬಟನ್ನು ಅಷ್ಟೇ. ಅಳಿಸಾಕ್ದೆ."

"ಅಯ್ಯೋ ಶಿವನ! ನಾ ಹೇಳಿದ್ದು ಎಂಜಿನ್ನಿಂದಲ್ಲ, ಮನಷ್ಯಾಂದು! ಡಬ್ಬೀದು!"

ಯೋಗಾನಂದನ ಕೈಯ ಚಮಚ ನಿಂತಿತು. "ನೀವು ಎಂಜಿನ್ ಅಂತ ತಾನೆ ಬರ್ದಿದ್ದು? ಡ್ರೈವರ್ ಹೆಸ್ರು ಹಾಕಿದ್ರೆ ನಂಗೆ ಗೊತ್ತಾಗ್ತಿತ್ತಲ್ಲಕ್ಕ."

"ಅವರಿಗೆ ಏನ್ ತಿಳಿಸಿದ್ರಿ?"

"ಬಫರ್ ಖಾಲಿ ಆಯ್ತು ಅಂದೆ. 'ಸರಿ, ತರ್ತೀನ್ರಿ' ಅಂದ್ರು. ಏನ್ ತರ್ತಾರೆ ಅಂತ ನಂಗೂ ಅರ್ಥವಾಗ್ಲಿಲ್ಲ..."

ಅರ್ಥವಾದದ್ದು ನೀಲಗಂಗವ್ವನಿಗೆ. ಮೂವತ್ತು ವರ್ಷ ಡ್ರೈವರನ ಜೊತೆ ಸಂಸಾರ ಮಾಡಿದವಳು. ಅದು ಕಂಪನಿಯ ಖಾಸಗಿ ಯಾರ್ಡು. ಸಿಗ್ನಲ್ ಕಂಬ ಅರ್ಧಕ್ಕೂ ಕೆಟ್ಟಿದ್ದವು, ಬಾಯಿಮಾತೇ ಸಿಗ್ನಲ್. 'ಬಫರ್ ಖಾಲಿ' ಅಂದರೆ ಆರನೇ ಲೈನಿನಲ್ಲಿ ಏನೂ ಇಲ್ಲ, ಗಾಡಿ ತಾ ಎಂದರ್ಥ. ಇಲ್ಲವಾದರೆ ಅವನು ಮೇಲೆಯೇ ಕಾಯಬೇಕಿತ್ತು. ಅವಳು ಕಿಟಕಿಯಿಂದ ನೋಡಿದಳು. ಆರನೇ ಲೈನಿನ ಮೇಲೆ ಹನ್ನೆರಡು ಜನ ಕೂತು ಸ್ಲೀಪರಿನ ಕೆಳಗೆ ಜಲ್ಲಿ ತುಂಬುತ್ತಿದ್ದರು. ಒಬ್ಬಾಕೆ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಿದ್ದಳು.

ಯೋಗಾನಂದ ಕೆಳಗಿನವರನ್ನು ಎಬ್ಬಿಸಲು ಸೈರನ್ ಒತ್ತಿದ, ಮೈಕ್ ಹಿಡಿದ. "ಇಪ್ಪತ್ತೇಳು, ಇಪ್ಪತ್ತೇಳು! ಆರನೇ ಲೈನು ಖಾಲಿ ಇಲ್ಲ. ಜನ ಅವ್ರೆ. ತಪ್ಪಾಗಿದೆ. ನಿಲ್ಸಿ ಸಾರ್."

ಗೂಳಪ್ಪನ ದನಿ ಆರಾಮಾಗಿ ಬಂತು. "ಹಂಗಾ? ಅಡ್ಡಿ ಇಲ್ರಿ. ಬಯಲು ದಾಟಾಕತ್ತೀನಿ. ಇಳಿಜಾರ ಇಳದು ಕೆಳಗ ಗೇಟಿನ ಹಂತೇಕ ನಿಲ್ಲಸ್ತೀನಿ. ಅಲ್ಲಿತನಕ ಅವರು ಏಳ್ತಾರ ಬಿಡ್ರಿ."

ಯಾವ ಡ್ರೈವರನನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದ. ತಪ್ಪೇನಿಲ್ಲ ಅದರಲ್ಲಿ, ಕೆಳಗೆ ನಿಲ್ಲಿಸುವುದೇ ಲೇಸು. ಯೋಗಾನಂದ ಉಸಿರು ಬಿಟ್ಟ. ಪರದೆಯ ಮೇಲೆ ಡ್ರೈವರನ ಡಬ್ಬಿ ಹಸಿರು ತೋರಿಸುತ್ತಿತ್ತು. "ಹಸಿರೇ ಐತಲ್ಲಕ್ಕ..."

"ಎರಡು ಹನಿ ಉಳದೈತಿ ತಮ್ಮಾ. ಇಳಿಜಾರು ದಾಟೂದಿಲ್ಲ. ಈಗ ನಿಲ್ಲಬೇಕು, ಬಯಲಿನಾಗ. ಕೊಡ್ರಿ ಅದನ್ನ." ಮೈಕ್ ಕಸಿದುಕೊಂಡು ಒತ್ತಿದಳು. "ಏನ್ರಿ..."

"ಹೇಳ್ರಿ ಅಕ್ಕಾರ" ಅಂತ ನಾಲ್ಕು ಎಂಜಿನ್ನಿನಿಂದ ನಾಲ್ಕು ದನಿ ಒಟ್ಟಿಗೆ ಬಂದವು. ವೈರ್‌ಲೆಸ್ಸು ಎಲ್ಲರಿಗೂ ಒಂದೇ. ಯಾರೋ ನಕ್ಕರು.

ನೀಲಗಂಗವ್ವ ಕಣ್ಣು ಮುಚ್ಚಿದಳು. "ಗೂಳಪ್ಪಾ" ಅಂದಳು. ಜನ್ಮದಲ್ಲಿ ಮೊದಲ ಸಲ. ಆ ಹೆಸರು ಯಾರದೋ ಅನ್ನಿಸಿತು.

ವೈರ್‌ಲೆಸ್ಸಿನಲ್ಲಿ ನಗು ನಿಂತಿತು.

"ನೀಲಾ? ನೀ ಯಾಕ ಅಲ್ಲಿ..."

"ನಿಲ್ಲಸ್ರಿ ಗಾಡಿ. ಅಲ್ಲೇ. ಈಗ. ನಿಮಗ ದಣಿವಾಗೇತಿ."

"ನನಗಾ? ಹುಚ್ಚೇನು ನಿನಗ? ಕುದುರಿ ಹಂಗ ಅದೀನಿ."

"ಪಾಳಿ ಮೂರು ಬಿಟ್ಟುಕೊಟ್ಟೀರಿ. ನಿಮ್ಮ ದ್ರಾವಣ ನಾ ನೋಡೀನಿ."

ಗೂಳಪ್ಪನ ದನಿ ಮೆಲ್ಲಗೆ, ಸಿಟ್ಟಿನಲ್ಲಿ ಬಂತು: "ಎಲ್ಲಾರ ಮುಂದ ಹೇಳಬೇಕಾಗಿತ್ತೇನು ಇದನ್ನ? ಕೆಳಗ ಬಂದು ಮಾತಾಡ್ತೀನಿ. ಹಸಿರೈತಿ ನಂದು. ಬಯಲು ಮುಗೀಲಿಕ್ಕೆ ಬಂತು."

ಹನಿ, ಮೀಟರ್, ಸೂಚಕ ಅಂತ ಹೇಳಲು ಹೊತ್ತಿರಲಿಲ್ಲ. ಹೇಳಿದರೂ ಅವನಿಗೆ ಅದು ಅವಳ ಲ್ಯಾಬಿನ ಮಾತು. ದಣಿವು ಗೊತ್ತಾಗದ ಮನುಷ್ಯನಿಗೆ ನಿನಗೆ ದಣಿವಾಗಿದೆ ಎಂದು ಯಾವ ಬಾಯಲ್ಲಿ ನಂಬಿಸುವುದು? ಅವಳ ಕಣ್ಣು ಹೊರಗೆ ನಿಂತ ಖಾಲಿ ವ್ಯಾಗನ್ನಿನ ಮೇಲೆ ಹೋಯಿತು. ಎರಡು ಕಬ್ಬಿಣದ ತಟ್ಟೆ.

"ಒಂದ್ ಮಾತು ಹೇಳ್ರಿ. ವ್ಯಾಗನ್ ಬಫರಿನ ಸ್ಪ್ರಿಂಗು ಪೂರ್ತಿ ಒಳಗ ಹೋಗಿ ಕೂತ್ರ ಹೊರಗಿಂದ ಕಾಣ್ತೈತೇನು?"

"ಈಗೇನದು..."

"ಹೇಳ್ರಿ ನೀವು!"

"ಗಾಡಿ ಗಾಡಿಗೆ ಒತ್ತಿ ನಿಂತಾಗ ಕಾಣೂದಿಲ್ಲ. ತಟ್ಟಿ ತಟ್ಟಿಗೆ ಹತ್ತಿ ಸುಮ್ನ ಇರ್ತಾವು. ಎಲ್ಲಾ ಚಲೋ ಐತಿ ಅನಸ್ತೈತಿ."

"ಆಮ್ಯಾಲೆ ಒಂದ್ ಸಣ್ಣ ಪೆಟ್ಟು ಬಿದ್ರ?"

ತನ್ನ ವಿದ್ಯೆಯ ಪ್ರಶ್ನೆಗೆ ಅವನು ಸುಳ್ಳು ಹೇಳುವವನಲ್ಲ. "ತಡಿಯಾಕ ಸ್ಪ್ರಿಂಗ್ ಇರೂದಿಲ್ಲಲ್ಲ. ಪೆಟ್ಟು ಸೀದಾ ಗಾಡಿಗೆ ಬಡೀತೈತಿ. ಹಳಿ ಬಿಡ್ತೈತಿ."

"ನಿಮ್ಮ ಸ್ಪ್ರಿಂಗು ಒಳಗ ಹೋಗಿ ಕೂತೈತ್ರಿ."

ಯೋಗಾನಂದ ಪರದೆಯ ಮೇಲಿನ ಚುಕ್ಕಿಯನ್ನು ನೋಡುತ್ತಿದ್ದ. ಬಯಲಿನ ತುದಿಗೆ ಇನ್ನು ಒಂದೂವರೆ ಕಿಲೋಮೀಟರ್. ಒಂದೂಕಾಲು. ಅವನು ಬಾಯಲ್ಲೇ ಏನೋ ಪ್ರಾರ್ಥನೆ ಮಾಡಿಕೊಳ್ಳುತ್ತಿದ್ದ.

ವೈರ್‌ಲೆಸ್ಸಿನಲ್ಲಿ ಬ್ರೇಕಿನ ಗಾಳಿ ಬಿಟ್ಟ ಉದ್ದನೆಯ ಸುಯ್ಯೆಂಬ ಸದ್ದು ಬಂತು. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿ ಕೀರಲು ಹತ್ತಿತು. ಮತ್ತೆ ಸುಯ್. ಪರದೆಯ ಚುಕ್ಕಿ ನಿಧಾನವಾಯಿತು, ಒಂದು ಕಿಲೋಮೀಟರ್, ಮುಕ್ಕಾಲು, ಅರ್ಧ. ಐವತ್ತೆಂಟು ವ್ಯಾಗನ್ ಒಂದಕ್ಕೊಂದು ಮುಟ್ಟಿ ಖಡ್ ಖಡ್ ಖಡ್ ಎಂದು ಸರಪಳಿಯ ಹಾಗೆ ನಿಂತವು.

"ನಿಂತೇತಿ" ಅಂದ ಗೂಳಪ್ಪ. "ಕೈ ಬ್ರೇಕೂ ಹಾಕೀನಿ." ಆಮೇಲೆ, ಬೇರೆ ಯಾರದೋ ದನಿಯಲ್ಲಿ, "ಇದೇನ ನೀಲಾ... ಕಾಲು ಎಲ್ಲಿ ಹೋದು" ಅಂದ.

ಯೋಗಾನಂದನ ಪರದೆಯ ಮೇಲೆ ಹಸಿರು ದೀಪ ಹಳದಿಯಾಗಲಿಲ್ಲ, ಒಮ್ಮೆಲೇ ಕೆಂಪಾಯಿತು.

ಟ್ರಾಲಿ ಓಡಿಸುವ ಮೌಲಾಸಾಬ ಅವಳನ್ನು ಕೂಡಿಸಿಕೊಂಡು ಮೇಲಕ್ಕೆ ಹೊರಟ. ಸಣ್ಣ ಮೋಟಾರಿನ ಟ್ರಾಲಿ, ಇಳಿಜಾರು ಏರಲು ಮುಕ್ಕಾಲು ತಾಸು ಹಿಡಿಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಮೌಲಾಸಾಬ ಮಾತುಗಾರ, ಆದರೆ ಅವತ್ತು ಒಂದೇ ಮಾತು ಆಡಿದ: "ತಂಗೀ, ನನಗೂ ಆ ಡಬ್ಬಿ ಹಾಕಂತ ಬಂದಿದ್ರು. ನಾ ಒಲ್ಲೆ ಅಂದೆ. ದಣಿವಾದ್ರ ನನಗ ನಮಾಜಿನಾಗ ಕೂತಾಗ ಏನೋ ಒಂದು ಆರಾಮ ಅನಸ್ತೈತಿ. ಅದು ಹೋಗಿಬಿಡ್ತೈತಿ ಅಂತ."

ಮೇಲೆ ಎಂಜಿನ್ನು ಬಯಲಿನ ತುದಿಯಲ್ಲಿ, ಇಳಿಜಾರಿನ ಕಡೆ ಮೂತಿ ಮಾಡಿ ನಿಂತಿತ್ತು. ಮೌಲಾಸಾಬ ಗಾಲಿಗಳ ಕೆಳಗೆ ಮರದ ತುಂಡು ಕೊಟ್ಟು ಭದ್ರ ಮಾಡಿದ. ನೀಲಗಂಗವ್ವ ಕಬ್ಬಿಣದ ಮೆಟ್ಟಿಲು ಹತ್ತಿದಳು. ಗಂಡ ಕೆಲಸ ಮಾಡುವ ಜಾಗವನ್ನು ಅವಳು ನೋಡುತ್ತಿದ್ದದ್ದು ಅದೇ ಮೊದಲು. ಇಷ್ಟು ಸಣ್ಣದೇ, ಅನ್ನಿಸಿತು.

ಗೂಳಪ್ಪ ನೆಲದ ಮೇಲೆ, ಬಾಗಿಲಿಗೆ ತಲೆಯಾನಿಸಿ ನಿದ್ದೆ ಹೋಗಿದ್ದ. ಕೂಗಿದಳು. ಅಲುಗಿಸಿದಳು. ಅವನು ಬಾವಿಯ ತಳದಿಂದ ಹೂಂಗುಟ್ಟಿದ ಹಾಗೆ ಒಂದು ಸದ್ದು ಮಾಡಿದ. ಮೂಗಿನ ಹತ್ತಿರ ಬೆರಳಿಟ್ಟು ನೋಡಿದಳು. ಉಸಿರು ನಿಧಾನ, ಸಮನಾಗಿ ಬರುತ್ತಿತ್ತು. ಸೊಂಟದ ನಳಿಕೆ ತೆಗೆದಳು. ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೂಟು ಬಿಚ್ಚಲು ಹೋದಳು, ಬರಲಿಲ್ಲ. ಲೇಸು ಕೊಯ್ದು ಎಳೆದಾಗ ಕಾಲುಚೀಲ ಚರ್ಮಕ್ಕೆ ಹತ್ತಿಕೊಂಡಿತ್ತು. ಹಿಮ್ಮಡಿಯಲ್ಲಿ ಗುಳ್ಳೆ ಎದ್ದು, ಒಡೆದು, ಮಾಯದೆ, ಅದರ ಮೇಲೇ ಮತ್ತೆ ಎದ್ದಿತ್ತು. ಎಷ್ಟು ದಿನದಿಂದಲೋ. ಇದರ ಮೇಲೆ ನಿಂತೇ ಅವನು ಬೆಳಿಗ್ಗೆ ಅಂಗಳ ಗುಡಿಸಿದ್ದ, ಮದುವೆಗೆ ಹೊರಟವನ ಹಾಗೆ.

ಅವಳಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದಿಷ್ಟು ಕಸುವು ಬೇಕು.

ವೈರ್‌ಲೆಸ್ಸು ಗರಗರ ಅಂದಿತು. "ನೀಲಗಂಗಕ್ಕ, ಸಾರ್ ಹೆಂಗವ್ರೆ?" ಯೋಗಾನಂದ.

"ಮಲಗ್ಯಾರ."

"ಡಾಕ್ಟ್ರು ಹೊರಟವ್ರೆ. ಅಕ್ಕ... ಮೇಲ್ನೋರು ಕೇಳ್ತಾವ್ರೆ, ಲೈನು ಯಾವಾಗ ಬಿಡ್ತದೆ ಅಂತ."

"ಎದ್ದಾಗ."

"ಎಷ್ಟೊತ್ತಿಗೆ ಏಳ್ತಾರೆ?"

"ನನಗೇನ್ ಗೊತ್ತು ತಮ್ಮಾ. ನಾಳೆ ಏಳಬಹುದು. ನಾಡದು ಏಳಬಹುದು."

"ತಡ ಆಗಿದ್ದಕ್ಕೆ ಕಾರಣ ತುಂಬ್ಬೇಕು ಕಣಕ್ಕ. ಎಂಜಿನ್ ದೋಷ, ಹಳಿ ದೋಷ, ಹವಾಮಾನ. ಯಾವ್ದು ಒತ್ಲಿ?"

"ದಣಿವು."

"ಅದು ಪಟ್ಟಿಯಲ್ಲಿಲ್ಲ. ಡಬ್ಬಿ ಬಂದ ವರ್ಷಾನೇ ತೆಗ್ದಾಕವ್ರೆ." ಹಾಳೆ ಹರಿದ ಸದ್ದು ಬಂತು. "ಇರ್ಲಿ, ಒಂದು ಹಾಳೇಲಿ ಪೆನ್ನಲ್ಲೇ ಬರೀತೀನಿ. ಪೂರ್ತಿ ಹೆಸ್ರು ಏನು ಅಕ್ಕ, ಸಾರ್‌ದು?"

"ಗೂಳಪ್ಪ ಫಕೀರಪ್ಪ ಹಡಗಲಿ" ಅಂದಳು. ಈ ಸಲ ನಾಲಗೆ ತಡವರಿಸಲಿಲ್ಲ.

ಬಿಸಿಗಾಳಿ ಎಂಜಿನ್ನಿನ ಒಂದು ಬಾಗಿಲಿನಿಂದ ಬಂದು ಇನ್ನೊಂದರಿಂದ ಹೋಯಿತು. ಅವಳಿಗೆ ಕಣ್ಣು ಎಳೆಯುತ್ತಿತ್ತು. ಮುಚ್ಚುವಷ್ಟರಲ್ಲಿ ಮತ್ತೆ ಗರಗರ.

"ಅಕ್ಕಾರ" ಅಂತು ಒಂದು ದನಿ. ಚಿಕ್ಕ ವಯಸ್ಸಿನವನದು, ಅವಳಿಗೆ ಗುರುತಿಲ್ಲ. "ನಾನು ಮೂವತ್ತೊಂದನೇ ಎಂಜಿನ್ರಿ. ಪಡುವಣ ಗಣಿ ಲೈನಿನಾಗ ಅದೀನಿ. ನಿಮ್ಮ ಸ್ಪ್ರಿಂಗಿನ ಮಾತು ಕೇಳಿದೆ. ನಂದು ಹಸಿರ ಐತ್ರಿ. ಏನೂ ಅನಸವಲ್ದು. ಆದ್ರ..."

"ಹೇಳಪಾ."

"ಮುಂಜಾನೆ ಮನಿ ಬಿಡುವಾಗ ಮಗಳ ಹೆಸರು ನೆನಪಾಗ್ಲಿಲ್ರಿ. ಮುಂದ ನಿಂತಿತ್ತು ಕೂಸು. 'ಏ... ಏ...' ಅಂದೆ, ಅಷ್ಟ. ಆಮ್ಯಾಲೆ ಗಾಡಿ ಹತ್ತಿದಮ್ಯಾಲೆ ನೆನಪಾತು. ಇದು... ಇದೇನ್ರಿ ಅಕ್ಕಾರ?"

ನೀಲಗಂಗವ್ವ ಹೊರಗೆ ನೋಡಿದಳು. ಇಳಿಜಾರಿನ ಕೆಳಗೆ ಯಾರ್ಡು ಆಟಿಕೆಯ ಹಾಗೆ ಕಾಣುತ್ತಿತ್ತು. ಗಾಡಿ ನಿಲ್ಲಿಸು ಎನ್ನಲು ಅವಳು ಯಾರು? ಗಾಜು ತೊಳೆಯುವವಳು. ಮೈಕಿನ ಗುಂಡಿ ಒತ್ತಿದಳು.

"ನಿಲ್ಲಸಪಾ. ಎಲ್ಲಿ ಅದೀಯೋ ಅಲ್ಲೇ, ಮಟ್ಟಸ ಜಾಗಾ ನೋಡಿ ನಿಲ್ಲಸು."

"ಮ್ಯಾಲಿನವರು ಕೇಳಿದ್ರ ಏನ್ ಹೇಳ್ಲಿ?"

"ದಣಿವಾಗೇತಿ ಅಂತ ಹೇಳು."

ದೂರದ ಸುಯ್ ಸದ್ದು ವೈರ್‌ಲೆಸ್ಸಿನಲ್ಲಿ ಸಣ್ಣದಾಗಿ ಕೇಳಿಸಿತು. ಅದು ಮುಗಿಯುವ ಮೊದಲೇ ಇನ್ನೊಂದು ದನಿ, "ಅಕ್ಕಾರ, ಹದಿನೆಂಟ್ರಿ..." ಅಂತು. ಅದರ ಬೆನ್ನಿಗೆ ಮತ್ತೊಂದು. ಗೂಳಪ್ಪನ ತಲೆಯ ಭಾರಕ್ಕೆ ಅವಳ ತೊಡೆ ಜೋಮು ಹಿಡಿದಿತ್ತು. ಎರಡೂ ಕೈಯಿಂದ ಆ ತಲೆಯನ್ನು ಎತ್ತಿ ಇನ್ನೊಂದು ತೊಡೆಗೆ ಬದಲಿಸಿಕೊಂಡಳು. ಅವನಿಗೆ ಎಚ್ಚರವಾಗಲಿಲ್ಲ.

"ಒಬ್ಬೊಬ್ಬರ ಮಾತಾಡ್ರಿ" ಅಂದಳು ನೀಲಗಂಗವ್ವ. "ಕೇಳಾಕತ್ತೀನಿ."